ಹರ್ಮನ್ ಮೋಗ್ಲಿಂಗ್

1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಮನೆಯಿಂದ ನಾಲ್ಕು ಪುಟಗಳ ಪತ್ರಿಕೆಯೊಂದು ಹೊರಬಂದಿತು. ಅದೇ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’. ಅದರ ಸಂಪಾದಕರಾದ ಹರ್ಮನ್ ಮೋಗ್ಲಿಂಗರು ಕನ್ನಡಿಗರಲ್ಲ. ಕ್ರೈಸ್ತ ಧರ್ಮಪ್ರಸಾರಕ್ಕಾಗಿ ಜರ್ಮನಿಯಿಂದ ಬಂದವರು.

ಮೋಗ್ಲಿಂಗರು 1811ರಲ್ಲಿ ಬ್ರಾಕೆನ್‌ಹೈಮಿನಲ್ಲಿ ಜನಿಸಿದರು. ಟ್ಯೂಬಿಂಗನ್ನಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ಅಭ್ಯಸಿಸಿದರು. ಬ್ರಿಟಿಷರಲ್ಲದ ಮಿಶನರಿಗಳು ಕಂಪೆನಿಯ ಆಡಳಿತಕ್ಕೊಳಪಟ್ಟ ನಾಡಿನಲ್ಲಿ ನೆಲೆಸಲು 1833ರ ಸನ್ನದು ಕಾಯಿದೆ ದಾರಿ ತೆರೆದಿತ್ತು. ಮರುವರ್ಷವೇ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1836ರ ಕೊನೆಯಲ್ಲಿ ಮೋಗ್ಲಿಂಗರೂ ಬಂದು ಸೇರಿದರು. ಕೆಲವೇ ತಿಂಗಳಲ್ಲಿ ಕಲ್ಯಾಣಪ್ಪನ ದಂಡು ಸುಳ್ಯದ ಕಡೆಯಿಂದ ಬಂದು ಮಂಗಳೂರನ್ನು ಕೆಲವು ದಿನ ವಶಪಡಿಸಿಕೊಂಡಿತು.

ಆ ಕಾಲದಲ್ಲಿ ಸರಕಾರದ ನಿರೂಪವೊಂದು ಮೂಡುಬಿದಿರೆ, ಶಿರ್ತಾಡಿಗಳಂತಹ ಒಳನಾಡಿನ ಊರುಗಳಿಗೆ ಬಾಯಿಂದ ಬಾಯಿಗೆ ದಾಟಿ ತಲಪುವಷ್ಟರಲ್ಲಿ ಗಾಳಿಸುದ್ದಿಯಾಗಿ ಮಾರ್ಪಡುವುದು ಸಹಜವೇ ಆಗಿತ್ತು. ‘ಮಂಗಳೂರ ಸಮಾಚಾರ’ವು ಊರ ವರ್ತಮಾನ, ದೂರದೇಶದ ಸುದ್ದಿ, ಕಥೆಗಳ ಜೊತೆಗೆ ಸರಕಾರದ ನಿರೂಪಗಳನ್ನೂ ಜನರು ಓದಬಲ್ಲ ಕನ್ನಡದಲ್ಲಿ ಪ್ರಕಟಿಸಿತು. ತಮ್ಮನ್ನಾಳುವ ಕಾನೂನನ್ನು ಅಚ್ಚಿನಲ್ಲಿ ಕಾಣುವುದು ಅಂದಿನ ಜನರಿಗೆ ಹೊಸ ಅನುಭವ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಬಹುಕಾಲ ಬಾಳಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ಮಿಶನ್ ಶಾಲೆಯ ವಿದ್ಯಾರ್ಥಿಯಾಗಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಊರೇ ಕ್ಷೋಭೆಗೊಂಡಿತು. ಮನೆಯ ಬಾಗಿಲು ಅವರಿಗೆ ಮುಚ್ಚಿತು. ಮತ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ತಪ್ಪುತ್ತಿದ್ದ ಕಾಲವದು. ಈ ನಿರ್ಬಂಧವನ್ನು ಕಂಪೆನಿಯ ಆಡಳಿತಕ್ಕೆ ಸೇರಿದ ಎಲ್ಲ ಪ್ರಾಂತಗಳಲ್ಲೂ 1850ರ 21ನೆಯ ಕಾಯಿದೆ ತೆಗೆದುಹಾಕಿತು. ಅಂಥ ಕಾಯಿದೆ ಬೇಡವೆಂದು ಮದರಾಸಿನ ಹಿಂದೂಗಳು ಸರಕಾರಕ್ಕೆ ಮನವಿ ಸಲ್ಲಿಸಿದ್ದರು. ಮತಾಂತರಗೊಂಡವರಿಗೆ ಅಂತಃಕರಣದ ಸ್ವಾತಂತ್ರ್ಯವಾಗಿ ತೋರಿದ್ದು ಅನೇಕ ಕುಟುಂಬಗಳಿಗೆ ಕುಲಧರ್ಮಕ್ಕೊದಗಿದ ಕೇಡಾಗಿ ಕಂಡಿತು. ಮಗನನ್ನು ಕಳೆದುಕೊಂಡ ಮನೆಯ ಶೋಕವನ್ನು ಮರೆತು ಮೋಗ್ಲಿಂಗರನ್ನು ಹೊಗಳುವುದು ನ್ಯಾಯವಲ್ಲ.

ಪರಮತದ ದೇವರುಗಳನ್ನು ಒಪ್ಪದ ಈ ಪಾದ್ರಿಯೇ ಆ ದೇವರುಗಳ ಸ್ತುತಿಯಿಂದ ತುಂಬಿದ ಕಾವ್ಯಗಳನ್ನು ಹುಡುಕಿ ಅಚ್ಚುಹಾಕಿಸಿದುದು ವಿಶೇಷ. ಕ್ಯಾಸಮೇಜರ್ ಎಂಬ ನ್ಯಾಯಾಧೀಶರ ಧನಸಹಾಯದಿಂದ 1848ರಿಂದ 1853ರವರೆಗೆ ‘ಬಿಬ್ಲಿಯೋಥೆಕಾ ಕರ್ನಾಟಕ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಬೆಳಕು ಕಂಡವು. ಓಲೆಗರಿಗಳಲ್ಲಿದ್ದ ಕಾವ್ಯಗಳು ಹೀಗೆ ಎಲ್ಲರ ಕೈಗೂ ಸಿಗುವಂತಾದವು. ಈ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಆ ವೇಳೆಗೆ ಮೋಗ್ಲಿಂಗರು ಕೊಡಗಿನಲ್ಲಿದ್ದರು. ಅಲ್ಲಿ ಕ್ರೈಸ್ತರಾದ ಹೊಲೆಯ ಜನರಿಗಾಗಿ ನೆಲೆಗೊಂಡ ಊರಿಗೆ ಆನಂದರಾಯರ ಹೆಸರಿನಿಂದ ಆನಂದಪುರವೆಂದೇ ಕರೆದರು. ಮೋಗ್ಲಿಂಗರು 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗನ್ನಿನಲ್ಲಿ ನಿಧನರಾದರು. ಅವರ ಪತ್ರಿಕೆ ಹೊರಟ ಜುಲೈ 1ನ್ನು ಕರ್ನಾಟಕದ ಪತ್ರಕರ್ತರು ಪತ್ರಿಕಾ ದಿನವೆಂದು ಆಚರಿಸುತ್ತಾರೆ.