ತಪ್ಪು ಹುಡುಕುವ ದಾರಿ ತೋರಿದ ಗ್ರೇಸ್ ಹಾಪರ್

 

ವಿಶ್ವೇಶ್ವರಯ್ಯನವರ ಬಗ್ಗೆ, ಸಿ. ವಿ. ರಾಮನ್ ಅವರ ಬಗ್ಗೆ ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಈ ಸಲ ನಾನು ದೂರದ ಅಮೆರಿಕದ ಒಬ್ಬ ಗಣಿತದ ಮೇಡಂ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಗ್ರೇಸ್ ಹಾಪರ್. ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಕಂಪ್ಯೂಟರ್ ಕಲಿಯುವವರ ಬಾಯಲ್ಲಿ ಡಿಬಗ್ ಎಂಬ ಮಾತು ಆಗಾಗ ಬರುತ್ತದೆ. ಬಗ್ ಅಂದರೆ ಹುಳ. ಡಿಬಗ್ ಅಂದರೆ ಹುಳ ತೆಗೆಯುವುದು. ಅಂದರೆ ಪ್ರೋಗ್ರಾಮಿನಲ್ಲಿ ಸೇರಿಕೊಂಡ ತಪ್ಪನ್ನು ಹುಡುಕಿ ತೆಗೆಯುವುದು. ಈ ಪದವನ್ನು ಹಾಪರ್ ಅವರೇ ಹುಟ್ಟಿಸಿದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ನಿಜವಲ್ಲ. ನಿಜ ಏನು ಅಂತ ಮುಂದೆ ಹೇಳುತ್ತೇನೆ, ಪೂರ್ತಿ ಓದಿರಿ.

ಜನನ ಮತ್ತು ಬಾಲ್ಯ

ಇವರು 1906ನೇ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ವಿಮೆಯ ವ್ಯವಹಾರ ಮಾಡುತ್ತಿದ್ದರು. ಗಂಡು ಮಗನಿಗೆ ಎಷ್ಟು ಓದಿಸುತ್ತೇನೋ ಹೆಣ್ಣು ಮಕ್ಕಳಿಗೂ ಅಷ್ಟೇ ಓದಿಸಬೇಕು ಎಂಬುದು ಅವರ ನಿಶ್ಚಯವಾಗಿತ್ತು.

ಗ್ರೇಸ್‌ಗೆ ಏಳು ವರ್ಷ ಇದ್ದಾಗ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯುವ ಆಸೆಯಾಯಿತು. ಒಂದನ್ನು ಬಿಚ್ಚಿದರು, ಮತ್ತೆ ಜೋಡಿಸಲು ಬರಲಿಲ್ಲ. ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳನ್ನೂ ಬಿಚ್ಚಿ ಹರವಿಬಿಟ್ಟರು! ತಾಯಿಗೆ ಗೊತ್ತಾದ ಮೇಲೆ ಇನ್ನು ಮುಂದೆ ಒಂದೇ ಒಂದು ಗಡಿಯಾರ ಬಿಚ್ಚಬಹುದು ಅಂತ ಕಟ್ಟು ಮಾಡಿದರು. ಪೂರ್ತಿ ಬೇಡ ಅನ್ನಲಿಲ್ಲ ನೋಡಿ. ಅಲ್ಲೇ ಇದೆ ಆ ತಾಯಿಯ ದೊಡ್ಡತನ.

ವಿದ್ಯಾಭ್ಯಾಸ

ಹದಿನಾರನೇ ವಯಸ್ಸಿನಲ್ಲಿ ವಾಸರ್ ಎಂಬ ಕಾಲೇಜಿಗೆ ಸೇರಲು ಹೋದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಸಾಲದೆ ಸೀಟು ಸಿಗಲಿಲ್ಲ. ಇವರು ಅಳುತ್ತಾ ಕೂರಲಿಲ್ಲ. ಮಾರನೆಯ ವರ್ಷ ಅದೇ ಕಾಲೇಜಿಗೆ ಸೇರಿದರು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲದಲ್ಲಿ ಹೆಂಗಸರು ಗಣಿತದಲ್ಲಿ ಡಾಕ್ಟರೇಟ್ ಪಡೆಯುವುದು ಬಹಳ ಅಪರೂಪ. 1931ರಿಂದಲೇ ತಾವು ಓದಿದ ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು.

ನೌಕಾಪಡೆಗೆ

ಎರಡನೇ ಮಹಾಯುದ್ಧ ಬಂತು. ಹಾಪರ್ ಅವರಿಗೆ ನೌಕಾಪಡೆಗೆ ಸೇರುವ ಮನಸ್ಸು. ಆದರೆ ವಯಸ್ಸು ಹೆಚ್ಚಾಗಿತ್ತು, ಮೇಲಾಗಿ ತೂಕ ಇರಬೇಕಾದುದಕ್ಕಿಂತ 15 ಪೌಂಡ್, ಅಂದರೆ ಸುಮಾರು 7 ಕಿಲೋ ಕಡಿಮೆ. ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿಯೇಬಿಟ್ಟರು. ತರಬೇತಿಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಹೋವರ್ಡ್ ಐಕನ್ ಎಂಬುವರ ಕೈಕೆಳಗೆ ಮಾರ್ಕ್ 1 ಎಂಬ ದೊಡ್ಡ ಲೆಕ್ಕದ ಯಂತ್ರ ಇತ್ತು.

ಎಷ್ಟು ದೊಡ್ಡದು ಗೊತ್ತೇ? ಉದ್ದ 51 ಅಡಿ, ಎತ್ತರ 8 ಅಡಿ! ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡ್ ಬೇಕಾಗಿತ್ತು. ಹಡಗಿನ ಫಿರಂಗಿಯ ಗುಂಡು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬಂಥ ಯುದ್ಧದ ಲೆಕ್ಕಗಳನ್ನು ಅದರಲ್ಲಿ ಹಗಲು ರಾತ್ರಿ ಮಾಡುತ್ತಿದ್ದರು. ಅಂಥ ಲೆಕ್ಕ ತಪ್ಪಾದರೆ ಗುಂಡು ಎಲ್ಲೋ ಬೀಳುತ್ತದೆ. ಆದ್ದರಿಂದ ತಪ್ಪು ಹುಡುಕುವುದು ಅಲ್ಲಿ ಆಟದ ಮಾತಾಗಿರಲಿಲ್ಲ.

ಈ ಯಂತ್ರಕ್ಕೆ ಪರದೆ ಇಲ್ಲ, ಕೀಲಿಮಣೆಯೂ ಇಲ್ಲ. ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಆಜ್ಞೆ ಕೊಡಬೇಕು. ಒಂದು ತೂತು ಆಚೀಚೆ ಆದರೂ ಉತ್ತರ ಕೆಟ್ಟುಹೋಗುತ್ತದೆ. ಆಗ ತಪ್ಪಾದ ತೂತಿನ ಮೇಲೆ ಕಾಗದದ ತೇಪೆ ಅಂಟಿಸಿ ಸರಿಯಾದ ಕಡೆ ತೂತು ಹೊಡೆಯುತ್ತಿದ್ದರು. ಲೆಕ್ಕವನ್ನು ನಡುನಡುವೆ ತಾಳೆ ನೋಡಿ, ತಾಳೆಯಾಗದಿದ್ದರೆ ಯಂತ್ರ ತಾನಾಗಿ ನಿಲ್ಲುವಂತೆಯೂ ಮೊದಲೇ ಆಜ್ಞೆ ಬರೆದಿಡುತ್ತಿದ್ದರು. ಈ ಯಂತ್ರವನ್ನು ನಡೆಸುವುದು ಹೇಗೆಂದು ವಿವರಿಸುವ 500 ಪುಟಕ್ಕೂ ಮೀರಿದ ದೊಡ್ಡ ಪುಸ್ತಕ 1946ರಲ್ಲಿ ಪ್ರಕಟವಾಯಿತು. ಅದರ ಹೆಚ್ಚಿನ ಭಾಗ ಬರೆದವರು ಹಾಪರ್ ಅವರೇ.

ಪತಂಗದ ಕಥೆ

ಈಗ ಹುಳದ ವಿಷಯಕ್ಕೆ ಬರೋಣ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನಲ್ಲಿ ಮಾರ್ಕ್ 2 ಎಂಬ ಮುಂದಿನ ಯಂತ್ರ ಕೆಟ್ಟಿತು. ಬಿಚ್ಚಿ ನೋಡಿದರೆ 70ನೇ ನಂಬರಿನ ರಿಲೇ ಒಳಗೆ ಒಂದು ಪತಂಗ ಸಿಕ್ಕಿಕೊಂಡು ಸತ್ತಿತ್ತು! ರಿಲೇ ಅಂದರೆ ಕರೆಂಟಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು. ಅಲ್ಲಿದ್ದವರು ಆ ಪತಂಗವನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳ ಸಿಕ್ಕಿದ್ದು ಇದೇ ಮೊದಲು ಎಂಬ ಅರ್ಥ ಬರುವಂತೆ ತಮಾಷೆಯಾಗಿ ಬರೆದರು. ಆ ಪುಟ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ, ಪತಂಗದ ಸಮೇತ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ಪತಂಗ ಹಿಡಿದವರು ಹಾಪರ್ ಅಲ್ಲ, ಅವರ ಜೊತೆಯವರು. ಹಾಪರ್ ಈ ಕಥೆಯನ್ನು ಹೋದಲ್ಲೆಲ್ಲ ಚೆನ್ನಾಗಿ ಹೇಳುತ್ತಿದ್ದರು, ಹಾಗಾಗಿ ಅವರ ಹೆಸರಿಗೇ ಅಂಟಿಕೊಂಡಿತು. ಎರಡು, ಬಗ್ ಎಂಬ ಪದ ಮೊದಲೇ ಇತ್ತು. ಯಂತ್ರದ ದೋಷಕ್ಕೆ ಈ ಪದವನ್ನು ಥಾಮಸ್ ಎಡಿಸನ್ 1878ರಲ್ಲೇ ಕಾಗದದಲ್ಲಿ ಬರೆದಿದ್ದರು. ಪದ ಮೊದಲೇ ಇದ್ದುದರಿಂದಲೇ ನಿಜವಾದ ಹುಳ ಸಿಕ್ಕಾಗ ನಗು ಬಂದದ್ದು, ಅಲ್ಲವೇ?

ಹಾಗಾದರೆ ಹಾಪರ್ ದೊಡ್ಡವರಾದದ್ದು ಯಾತರಿಂದ? ಅದು ಪತಂಗಕ್ಕಿಂತ ದೊಡ್ಡ ಕಥೆ.

ಕಂಪೈಲರ್ ಹುಟ್ಟಿದ್ದು

ಹಾರ್ವರ್ಡ್‌ನಲ್ಲಿ ಒಬ್ಬರು ಬರೆದ ಲೆಕ್ಕದ ತುಂಡನ್ನು ಇನ್ನೊಬ್ಬರು ತಮ್ಮ ನೋಟ್ ಬುಕ್ಕಿಗೆ ಕಾಪಿ ಮಾಡಿಕೊಳ್ಳುತ್ತಿದ್ದರು. ಕಾಪಿ ಮಾಡುವಾಗ 4 ಎಂಬ ಅಂಕಿ ಎ ಅಕ್ಷರವಾಗಿಬಿಡುತ್ತಿತ್ತು. ಬಿ ಅಕ್ಷರ ಹೋಗಿ 13 ಆಗುತ್ತಿತ್ತು. ಇಷ್ಟು ಬುದ್ಧಿವಂತರೂ ಕಾಪಿ ಮಾಡುವಾಗ ಎಡವುತ್ತಾರೆ ಅಂದ ಮೇಲೆ ತಪ್ಪು ಮನುಷ್ಯರ ಸ್ವಭಾವ, ಬೈದರೆ ಹೋಗುವುದಿಲ್ಲ ಅಂತ ಹಾಪರ್ ಕಂಡುಕೊಂಡರು. ಯಂತ್ರ ಬೇಸರವಿಲ್ಲದೆ ಕಾಪಿ ಮಾಡುತ್ತದೆ. ಆ ಕೆಲಸ ಅದಕ್ಕೇ ಕೊಡಬಾರದೇಕೆ?

1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್ ಮಾಕ್ಲಿ ಎಂಬ ಕಂಪ್ಯೂಟರ್ ಕಂಪನಿಗೆ ಸೇರಿದರು. 1952ರಲ್ಲಿ ಅಲ್ಲಿ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಬೇಕಾದ ಲೆಕ್ಕದ ತುಂಡುಗಳನ್ನು ಯಂತ್ರವೇ ಹುಡುಕಿ ಜೋಡಿಸಿಕೊಳ್ಳುವ ವಿಧಾನ ಇದು. ಮೊದಮೊದಲು ಯಾರೂ ನಂಬಲೇ ಇಲ್ಲವಂತೆ. ಮುಂದೆ ಇಂಗ್ಲಿಷಿನ ಸಾಮಾನ್ಯ ಪದಗಳಲ್ಲೇ ಆಜ್ಞೆ ಬರೆಯುವ ಫ್ಲೋಮ್ಯಾಟಿಕ್ ಎಂಬ ಭಾಷೆಯನ್ನು ಅವರ ತಂಡ ಮಾಡಿತು. ಅದನ್ನು ಮಾದರಿಯಾಗಿಟ್ಟುಕೊಂಡು 1959ರಲ್ಲಿ ಒಂದು ಸಮಿತಿ ಕೋಬಾಲ್ ಎಂಬ ಭಾಷೆ ರೂಪಿಸಲು ಹೊರಟಿತು. ಹಾಪರ್ ಅದಕ್ಕೆ ಸಲಹೆಗಾರರು. ಇವತ್ತಿಗೂ ಎಷ್ಟೋ ಬ್ಯಾಂಕುಗಳ ಲೆಕ್ಕ ಕೋಬಾಲ್‌ನಲ್ಲಿ ನಡೆಯುತ್ತಿದೆ.

ನಿಲ್ಲಿಸಿ ನೋಡುವ ಉಪಾಯ

ಕಂಪೈಲರ್ ಬಂದ ಮೇಲೆ ಬರೆಯುವುದು ಸುಲಭವಾಯಿತು, ಆದರೆ ಒಂದು ತೊಡಕೂ ಬಂತು. ನಾವು ಬರೆಯುವುದು ಒಂದು ಭಾಷೆ, ಯಂತ್ರ ನಡೆಸುವುದು ಇನ್ನೊಂದು. ತಪ್ಪು ನಮ್ಮ ಯಾವ ಸಾಲಿನಲ್ಲಿದೆ ಅಂತ ತಿಳಿಯುವುದು ಹೇಗೆ? ಇದಕ್ಕೆ ಇರುವ ಸಾಧನವೇ ಡಿಬಗ್ಗರ್.

ಇದರ ಮುಖ್ಯ ಉಪಾಯ ಬ್ರೇಕ್ ಪಾಯಿಂಟ್, ಅಂದರೆ ನಿಲ್ದಾಣ. ಈ ಉಪಾಯ ಬೆಟ್ಟಿ ಹೋಲ್ಬರ್ಟನ್ ಎಂಬುವರದು ಅನ್ನುತ್ತಾರೆ. ಎನಿಯಾಕ್ ಎಂಬ ಯಂತ್ರವನ್ನು ಮೊದಲು ನಡೆಸಿದ ಆರು ಮಂದಿ ಹೆಂಗಸರಲ್ಲಿ ಅವರೂ ಒಬ್ಬರು. ಆ ಯಂತ್ರದಲ್ಲಿ ವೈರು ಸಿಕ್ಕಿಸಿ ಪ್ರೋಗ್ರಾಂ ಮಾಡಬೇಕಿತ್ತು. ಒಂದು ವೈರು ಕಿತ್ತರೆ ಲೆಕ್ಕ ಅಲ್ಲೇ ನಿಲ್ಲುತ್ತದೆ, ಅಲ್ಲಿಯವರೆಗಿನ ಉತ್ತರ ನೋಡಬಹುದು. ಮುಂದೆ ಹೋಲ್ಬರ್ಟನ್, ಹಾಪರ್ ಇಬ್ಬರೂ ಒಂದೇ ಕಂಪನಿಯಲ್ಲಿ ಕೆಲಸ ಮಾಡಿದರು. 1961ರ ಹೊತ್ತಿಗೆ ಎಂ.ಐ.ಟಿ.ಯಲ್ಲಿ ಪಿಡಿಪಿ-1 ಎಂಬ ಕಂಪ್ಯೂಟರಿಗೆ ಒಂದು ಡಿಬಗ್ಗರ್ ಬರೆದು ಅದಕ್ಕೆ ಡಿಡಿಟಿ ಅಂತ ಹೆಸರಿಟ್ಟರು. ಸೊಳ್ಳೆಗೆ ಹೊಡೆಯುವ ಡಿಡಿಟಿ ನಮಗೆಲ್ಲ ಗೊತ್ತಲ್ಲ, ಹುಳಕ್ಕೆ ಔಷಧಿ!

ಈಗಿನ ಡಿಬಗ್ಗರ್‌ಗೆ ಕೆಲಸ ಶುರು ಮಾಡುವ ಮೊದಲು ಕೆಲವು ವಿಷಯ ಹೇಳಿಕೊಡಬೇಕು. ಇದನ್ನೇ ಸೆಟ್ಟಿಂಗ್ ಅನ್ನುತ್ತಾರೆ.

1. ನಮ್ಮ ಸಾಲುಗಳ ನಂಬರು, ಹೆಸರುಗಳನ್ನು ಅಳಿಸದೆ ಉಳಿಸಿಕೋ ಅಂತ ಕಂಪೈಲರ್‌ಗೆ ಹೇಳಬೇಕು.
2. ಯಾವ ಪ್ರೋಗ್ರಾಂ ನಡೆಸಬೇಕು, ಯಾವ ಫೋಲ್ಡರಿನಲ್ಲಿ ನಡೆಸಬೇಕು, ಆರಂಭಕ್ಕೆ ಏನು ಕೊಡಬೇಕು ಅಂತ ಹೇಳಬೇಕು.
3. ಎಲ್ಲಿ ನಿಲ್ಲಬೇಕು, ಯಾವ ಷರತ್ತಿನ ಮೇಲೆ ನಿಲ್ಲಬೇಕು ಅಂತ ಗುರುತು ಹಾಕಬೇಕು.
4. ನಿಂತಾಗ ಯಾವ ಬೆಲೆಯ ಮೇಲೆ ಕಣ್ಣಿಡಬೇಕು ಅಂತ ಆರಿಸಬೇಕು.

ಒಂದು ಉದಾಹರಣೆ ಕೊಡುತ್ತೇನೆ. 40 ಮಕ್ಕಳ ಅಂಕ ಕೂಡುವ ಪ್ರೋಗ್ರಾಂ ಇದೆ, ಮೊತ್ತ ಮಾತ್ರ ಕಡಿಮೆ ಬರುತ್ತಿದೆ ಅನ್ನಿ. ಕೂಡುವ ಸಾಲಿನಲ್ಲಿ ಗುರುತು ಹಾಕಿ, 40ನೇ ಮಗು ಬಂದಾಗ ಮಾತ್ರ ನಿಲ್ಲು ಅಂತ ಷರತ್ತು ಕೊಡುತ್ತೇವೆ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಮುಗಿದುಹೋಗುತ್ತದೆ. ಅಂದರೇನು? 40ನೇ ಮಗುವನ್ನು ಅದು ಕೂಡಲೇ ಇಲ್ಲ, 39ಕ್ಕೇ ಕೈತೊಳೆದುಕೊಂಡಿದೆ! ನಿಲ್ಲದೇ ಹೋದದ್ದೇ ಸುಳಿವಾಯಿತು. ಆದರೆ ಇಲ್ಲಿ ಸೆಟ್ಟಿಂಗ್ ಸರಿಯಿರಬೇಕು. ಬೇರೆ ಫೋಲ್ಡರಿನ ಹಳೆಯ ಪ್ರೋಗ್ರಾಂ ನಡೆಯುತ್ತಿದ್ದರೆ ಈ ಸುಳಿವೇ ಸುಳ್ಳಾಗುತ್ತದೆ. ಹಾಗಾಗಿ ಮೊದಲು ಸುಲಭದ ಕಡೆ, ಅಂದರೆ 1ನೇ ಮಗುವಿಗೆ, ನಿಲ್ಲುತ್ತದೆಯೇ ಅಂತ ನೋಡಿಕೊಂಡು ಆಮೇಲೆ 40ಕ್ಕೆ ಹೋಗಬೇಕು.

ಕೊನೆಯ ದಿನಗಳು

ಹಾಪರ್ ಅವರನ್ನು ನೌಕಾಪಡೆ 1966ರಲ್ಲಿ ನಿವೃತ್ತಿ ಮಾಡಿತು. ಅವರಿಲ್ಲದೆ ಕೆಲಸ ನಡೆಯದೆ 1967ರಲ್ಲಿ ಆರು ತಿಂಗಳಿಗೆಂದು ಮತ್ತೆ ಕರೆಸಿತು. ಆ ಆರು ತಿಂಗಳು ಬೆಳೆಯುತ್ತಾ ಹೋಗಿ, ನಡುವೆ ಸ್ವಲ್ಪ ಬಿಡುವು ಬಿಟ್ಟರೆ, ಅವರು ಪೂರ್ತಿ ನಿವೃತ್ತರಾದದ್ದು 1986ರ ಆಗಸ್ಟ್ 14ರಂದು. ಆಗ ಅವರಿಗೆ 79 ವರ್ಷ, ಹುದ್ದೆ ರಿಯರ್ ಅಡ್ಮಿರಲ್. ಆಮೇಲೂ ಸುಮ್ಮನಿರದೆ ಡೆಕ್ ಎಂಬ ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾದರು. ಮೇಲೆ ಹೇಳಿದ ಪಿಡಿಪಿ-1 ಮಾಡಿದ್ದು ಇದೇ ಕಂಪನಿ.

ಭಾಷಣಕ್ಕೆ ಹೋದಾಗ ಸುಮಾರು 30 ಸೆಂಟಿಮೀಟರ್ ಉದ್ದದ ವೈರಿನ ತುಂಡುಗಳನ್ನು ಎಲ್ಲರಿಗೂ ಹಂಚುತ್ತಿದ್ದರು. ಒಂದು ನ್ಯಾನೊ ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಬೆಳಕು ಸಾಗುವ ದೂರ ಅದು. ಕಣ್ಣಿಗೆ ಕಾಣದ್ದನ್ನು ಕೈಗೆ ಕೊಡುವುದು ಅವರ ಪಾಠದ ರೀತಿ. ಅವರ ಕೋಣೆಯ ಗಡಿಯಾರದ ಮುಳ್ಳು ಉಲ್ಟಾ ತಿರುಗುತ್ತಿತ್ತು. ಹಿಂದಿನಿಂದ ನಡೆದು ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬಾರದು ಅಂತ ಅದರ ಅರ್ಥ.

1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ, ಅವರು ನಿಧನರಾದರು. 2016ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಮರಣೋತ್ತರವಾಗಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ನೀಡಿತು.

ನಾವು ಕಲಿಯಬೇಕಾದದ್ದು

ಸ್ನೇಹಿತರೇ, ಉತ್ತರ ತಪ್ಪಾದರೆ ನಮ್ಮಲ್ಲಿ ಅನೇಕರು ಇಡೀ ಲೆಕ್ಕವನ್ನು ರಬ್ಬರಿನಿಂದ ಉಜ್ಜಿಹಾಕುತ್ತಾರೆ. ಯಾರಾದರೂ ನೋಡಿಯಾರು ಎಂಬ ನಾಚಿಕೆ. ಉಜ್ಜಿದ ಮೇಲೆ ತಪ್ಪು ಎಲ್ಲಿತ್ತು ಅಂತ ಹೇಗೆ ತಿಳಿಯುತ್ತದೆ? ಹಾರ್ವರ್ಡ್‌ನವರು ತಮ್ಮ ಯಂತ್ರದ ದೋಷಕ್ಕೆ ನಾಚಿಕೊಳ್ಳದೆ, ತಾರೀಖು ಹಾಕಿ ಪುಸ್ತಕದಲ್ಲಿ ಅಂಟಿಸಿದರು. ನಾವೂ ತಪ್ಪಾದ ಲೆಕ್ಕದ ಪ್ರತಿ ಸಾಲಿನಲ್ಲಿ ಒಂದು ಕ್ಷಣ ನಿಂತು, ಇಲ್ಲಿಯವರೆಗೆ ಸರಿಯೇ ಅಂತ ನೋಡಿಕೊಂಡು ಮುಂದೆ ಹೋಗೋಣ.

ಗುರುಗಳಲ್ಲಿಯೂ ನನ್ನದೊಂದು ವಿನಂತಿ. ತಪ್ಪು ಉತ್ತರದ ಮೇಲೆ ಕೆಂಪು ಗುರುತು ಹಾಕುವಾಗ, ಲೆಕ್ಕ ಮೊದಲು ಯಾವ ಸಾಲಿನಲ್ಲಿ ದಾರಿ ತಪ್ಪಿತೋ ಆ ಸಾಲಿನ ಪಕ್ಕದಲ್ಲೂ ಒಂದು ಚುಕ್ಕೆ ಇಟ್ಟುಕೊಡಿ. ಆ ಚುಕ್ಕೆ ಇದ್ದರೆ ಸಾಕು, ಅಲ್ಲಿಂದ ಮುಂದೆ ಸರಿಪಡಿಸಿಕೊಂಡು ಬರುವ ಜವಾಬ್ದಾರಿ ನಮ್ಮದು.