ಕೊಡುಗೈ ದೊರೆ ಕಾರ್ನಾಡು ಸದಾಶಿವ ರಾಯರು

ಮಂಗಳೂರಿಗೆ ಹೋದಾಗಲೆಲ್ಲ ನಾವು ಕೆ.ಎಸ್. ರಾವ್ ರಸ್ತೆಯಲ್ಲಿ ಓಡಾಡುತ್ತೇವೆ. ಆ ಹೆಸರಿನ ಹಿಂದಿರುವ ಮಹನೀಯರನ್ನು ಸ್ಮರಿಸುವವರು ವಿರಳ.

ಕಾರ್ನಾಡು ಸದಾಶಿವ ರಾಯರು 1881ರಲ್ಲಿ ಮಂಗಳೂರಿನ ಸಿರಿವಂತ ಮನೆತನದಲ್ಲಿ ಜನಿಸಿದರು. ಮದರಾಸಿನಲ್ಲಿ ಪದವಿಯನ್ನೂ ಮುಂಬಯಿಯಲ್ಲಿ ಕಾನೂನು ಶಿಕ್ಷಣವನ್ನೂ ಪಡೆದು ಊರಿನಲ್ಲಿ ವಕೀಲರಾದರು. ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭೆಯನ್ನು ಕಟ್ಟಿ, ವಿಧವೆಯರಿಗೂ ಬಡ ಹೆಣ್ಣುಮಕ್ಕಳಿಗೂ ಆಸರೆಯಾದರು. ಗಾಂಧೀಜಿಯವರ ಸತ್ಯಾಗ್ರಹದ ಕರೆಗೆ ಕರ್ನಾಟಕದಿಂದ ಮೊದಲಿಗೆ ಓಗೊಟ್ಟವರ ಸಾಲಿನಲ್ಲಿ ನಿಂತು, ಮತ್ತೆ ಮತ್ತೆ ಸೆರೆಮನೆ ಕಂಡರು.

ಚಳವಳಿಗೂ ದೀನದಲಿತರ ಸೇವೆಗೂ ಪಿತ್ರಾರ್ಜಿತ ಆಸ್ತಿಯೆಲ್ಲ ಕರಗಿಹೋಯಿತು. ಕೊಡುವ ಕೈ ಬರಿದಾದರೂ ಅವರು ಸೇವೆಯನ್ನು ನಿಲ್ಲಿಸಲಿಲ್ಲ. 1936ರ ಡಿಸೆಂಬರಿನಲ್ಲಿ ಫೈಜಪುರದ ಕಾಂಗ್ರೆಸ್ ಅಧಿವೇಶನಕ್ಕೆ ಸಾಮಾನ್ಯ ಕಾರ್ಯಕರ್ತರಂತೆ ತೆರಳಿ, ಅಲ್ಲಿ ಅಸ್ವಸ್ಥರಾದರು. 1937ರ ಜನವರಿ 9ರಂದು, ತಾವು ಕಾನೂನು ಓದಿದ ಇದೇ ಮುಂಬಯಿಯಲ್ಲಿ, ಬಡವರಾಗಿಯೇ ಕಣ್ಮುಚ್ಚಿದರು.

ಬೆಂಗಳೂರಿನ ಸದಾಶಿವನಗರವೂ ಅವರ ಹೆಸರನ್ನೇ ಹೊತ್ತಿದೆ. ಸ್ವಂತಕ್ಕೆಂದು ಏನನ್ನೂ ಉಳಿಸಿಕೊಳ್ಳದ ರಾಯರ ಹೆಸರಿನಲ್ಲಿ ಇಂದು ಸಿರಿವಂತರ ಬಡಾವಣೆಯಿದೆ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆ ಕಂಡುಕೊಂಡ ನಾವು, ನಮ್ಮ ಗಳಿಕೆಯಲ್ಲಿ ಪರರಿಗೂ ಒಂದು ಪಾಲಿದೆಯೆಂಬುದನ್ನು ಮರೆಯದಿರೋಣ. ಅದುವೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.