ಕುಮಾರ ಗಂಧರ್ವರು ಮನೋಬಲ ಒಂದರಿಂದಲೇ ಕ್ಷಯ ಗೆದ್ದರೇ?

ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ ಒಂದರಲ್ಲಿ ದೊಡ್ಡಪ್ಪನ ಜೊತೆ ಸರದಿ ಕಾಯುತ್ತಿದ್ದೆ. ಅವರಿಗೆ ಟಿಬಿ ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಕೆಮ್ಮು ಇಳಿದಿತ್ತು. ಆದರೆ ದೊಡ್ಡಪ್ಪ ಮಾತು ಕಡಿಮೆ ಮಾಡಿದ್ದರು, ಊಟ ಬೇಡ ಅನ್ನುತ್ತಿದ್ದರು, ಮಾತ್ರೆಯನ್ನೂ ಒಂದೆರಡು ಸಲ ತಪ್ಪಿಸಿದ್ದರು. ಅಷ್ಟರಲ್ಲಿ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಗಾಯಕ ಕುಮಾರ ಗಂಧರ್ವರು ಬರೀ ಧೈರ್ಯದಿಂದ ಕ್ಷಯರೋಗ ಗೆದ್ದರಂತೆ, ನೀವೂ ಧೈರ್ಯವಾಗಿರಿ ಅನ್ನುವುದು ಅದರ ಸಾರ. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಅದು ಅರ್ಧ ಕಥೆ.

ಕುಮಾರ ಗಂಧರ್ವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ. ಚಿಕ್ಕ ಹುಡುಗನಿದ್ದಾಗಲೇ ಕಛೇರಿ ನಡೆಸಿ ಗಂಧರ್ವ ಎನಿಸಿಕೊಂಡರು. ಮುಂಬೈಯಲ್ಲಿ ಬಿ.ಆರ್. ದೇವಧರ್ ಅವರ ಬಳಿ ಕಲಿತರು. ಹೆಸರು ಏರುತ್ತಿದ್ದ ಹೊತ್ತಿಗೇ ಕ್ಷಯ ಹಿಡಿಯಿತು. ಒಣ ಹವೆಗಾಗಿ 1948ರಲ್ಲಿ ಮಧ್ಯಪ್ರದೇಶದ ದೇವಾಸ್‌ಗೆ ಹೋದರು.

ಅಲ್ಲಿ ಸುಮಾರು ಐದು ವರ್ಷ ಹಾಸಿಗೆಯೇ ಅವರ ಲೋಕವಾಯಿತು. ಹಾಡಬಾರದೆಂದು ವೈದ್ಯರು ತಡೆದರು. ಹಾಡೇ ಉಸಿರಾಗಿದ್ದವನಿಗೆ ಇದು ಎಂಥ ಹೊಡೆತ ಎಂದು ಯಾರಾದರೂ ಊಹಿಸಬಹುದು. ಅವರಿಗೆ ಖಿನ್ನತೆ ಇತ್ತೆಂದು ಇಷ್ಟು ವರ್ಷದ ಮೇಲೆ ನಾವು ಹಣೆಪಟ್ಟಿ ಹಚ್ಚುವುದು ಬೇಡ. ಆದರೆ ಅವರು ಆ ದಿನಗಳನ್ನು ಒಬ್ಬರೇ ದಾಟಲಿಲ್ಲ. ಪತ್ನಿ ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಆರೈಕೆಯನ್ನೂ ಮಾಡಿದರು. ಮಲಗಿದಲ್ಲೇ ಕುಮಾರರು ಮಾಳವದ ಜನಪದ ಹಾಡುಗಳನ್ನು ಕೇಳುತ್ತಿದ್ದರು. ಮುಂದೆ ಆ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು.

ರೋಗ ವಾಸಿಮಾಡಿದ್ದು ಆಗ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿ. ಕ್ಷಯದ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದ ಈ ಮೊದಲ ಆಂಟಿಬಯಾಟಿಕ್ ಪತ್ತೆಯಾದದ್ದು 1943ರಲ್ಲಿ. ಒಂದು ಶ್ವಾಸಕೋಶ ಹೆಚ್ಚುಕಡಿಮೆ ಕೈಕೊಟ್ಟಿದ್ದರೂ 1953ರಲ್ಲಿ ಕುಮಾರರು ಮತ್ತೆ ವೇದಿಕೆ ಹತ್ತಿದರು. 1992ರಲ್ಲಿ ತೀರಿಕೊಳ್ಳುವವರೆಗೂ ಸಂಗೀತ ಬಿಡಲಿಲ್ಲ.

ಕ್ಷಯಕ್ಕೂ ಮನಸ್ಸಿಗೂ ಇನ್ನೊಂದು ನಂಟಿದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟಾಗ, ಕೆಲವರು ಎಂದೂ ಇಲ್ಲದಷ್ಟು ಲವಲವಿಕೆಯಾದರು. ಮುಂದೆ ಅದೇ ಮೊದಲ ಖಿನ್ನತೆ ಔಷಧಿಗಳಲ್ಲಿ ಒಂದಾಯಿತು. ಯಕೃತ್ತಿಗೆ ಹಾನಿ ಮಾಡುತ್ತದೆಂದು ನಂತರ ಅದನ್ನು ಕೈಬಿಟ್ಟರು. ಆದರೆ ಖಿನ್ನತೆ ಹೇಡಿತನವಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ ಎಂಬುದು ಅದರಿಂದ ಗಟ್ಟಿಯಾಯಿತು.

ದೀರ್ಘ ಕಾಯಿಲೆ ಇದ್ದವರಲ್ಲಿ ಖಿನ್ನತೆಯನ್ನು ಗುರುತಿಸುವುದು ಕಷ್ಟ. ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು ಎರಡರಲ್ಲೂ ಇರುತ್ತವೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನಿಸಿದರಂತೂ ಕೂಡಲೇ, ವೈದ್ಯರಿಗೆ ಹೇಳಿ. ಮನಸ್ಸು ಕುಸಿದಾಗ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ಟಿಬಿ ಔಷಧಿಗೆ ಬಗ್ಗದ ರೂಪಕ್ಕೆ ತಿರುಗಬಹುದು. ಕೆಲವು ಟಿಬಿ ಔಷಧಿಗಳೂ ಖಿನ್ನತೆಯ ಔಷಧಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ, ನೀವೇ ಯಾವುದನ್ನೂ ನಿಲ್ಲಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಅವತ್ತು ಸರದಿ ಬಂದಾಗ ದೊಡ್ಡಪ್ಪ ಕೆಮ್ಮಿನ ಬಗ್ಗೆ ಮಾತ್ರ ಹೇಳಿದರು. ಉಳಿದದ್ದನ್ನು ನಾನು ಹೇಳಿದೆ. ಅವರು ಬೇಡ ಅನ್ನಲಿಲ್ಲ.

ಆ ಫಾರ್ವರ್ಡ್ ನಿಮಗೂ ಬಂದರೆ ಅಳಿಸಬೇಡಿ. ಔಷಧಿಯ ಹೆಸರನ್ನೂ ಭಾನುಮತಿಯವರ ಹೆಸರನ್ನೂ ಸೇರಿಸಿ ಮುಂದಕ್ಕೆ ಕಳಿಸಿ.